ಹಲ್ಲುನೋವಿಗೆ ಸರ್ಕಾರಿ ಬಾಗಿಲು ತೆರೆಸುವುದು ಹೇಗೆ: ವಾರ್ಡಿನಿಂದ ವಿಧಾನಸೌಧದವರೆಗೆ

ಹಲ್ಲುನೋವು ಎಂದು ಬೆಂಗಳೂರಿನ ‘ನಮ್ಮ ಕ್ಲಿನಿಕ್’ ಎಂಬ ಸಣ್ಣ ಸರ್ಕಾರಿ ಚಿಕಿತ್ಸಾಲಯಕ್ಕೆ ಹೋದವರಿಗೆ ಸಾಮಾನ್ಯವಾಗಿ ಸಿಗುವುದು ನೋವಿನ ಮಾತ್ರೆ, ಜೊತೆಗೆ ‘ದೊಡ್ಡಾಸ್ಪತ್ರೆಗೆ ಹೋಗಿ’ ಎಂಬ ಚೀಟಿ. ಹೋಗಬೇಕೆಂದರೆ ಒಂದು ದಿನದ ಕೂಲಿ ಬಿಡಬೇಕು. ಮಾತ್ರೆಯಿಂದ ನೋವು ತಗ್ಗಿದರೆ ಯಾರೂ ಹೋಗುವುದಿಲ್ಲ. ಕೆಲವು ತಿಂಗಳಾದ ಮೇಲೆ ಅದೇ ಜನ ಕೆನ್ನೆ ಊದಿಸಿಕೊಂಡು ಬರುತ್ತಾರೆ. ಅಷ್ಟು ಹೊತ್ತಿಗೆ, ತುಂಬಿಸಿ ಉಳಿಸಬಹುದಾಗಿದ್ದ ಹಲ್ಲು ಕೀಳಲೇಬೇಕಾದ ಹಲ್ಲಾಗಿರುತ್ತದೆ.

ಇದನ್ನು ಬದಲಾಯಿಸಲು ಹೊರಟ ನಿವಾಸಿಗಳ ಸಂಘ, ಮಹಿಳಾ ಸಂಘ, ಕಾರ್ಮಿಕ ಸಂಘಟನೆಗಳು ಮೊದಲು ಕೇಳುವುದು ‘ಹೊಸ ಕಾನೂನು ತನ್ನಿ’ ಎಂದು. ಎಡವುವುದು ಇಲ್ಲೇ. ಹಲ್ಲಿನ ಚಿಕಿತ್ಸೆಯ ದಾರಿಯಲ್ಲಿ ಮೂರು ಬೇರೆ ಬೇರೆ ಬೀಗಗಳಿವೆ: ಆದೇಶ, ಹಣ, ಕಾಯ್ದೆ. ಬಹುಪಾಲು ಬಾಗಿಲುಗಳಿಗೆ ಬಿದ್ದಿರುವುದು ಮೊದಲ ಎರಡು ಬೀಗಗಳೇ. ಬಿಪಿಎಲ್ ಕುಟುಂಬದ ಹಿರಿಯರಿಗೆ ದಂತ ಕಾಲೇಜುಗಳ ಮೂಲಕ ಉಚಿತವಾಗಿ ಹಲ್ಲು ಸೆಟ್ ಕೊಡುವ ದಂತಭಾಗ್ಯ ಯೋಜನೆ ಬಂದದ್ದು ಹೊಸ ಕಾಯ್ದೆಯಿಂದಲ್ಲ, ಸರ್ಕಾರದ ತೀರ್ಮಾನ ಮತ್ತು ಅನುದಾನದಿಂದ. ಯಾವ ಬೀಗ ಎಂದು ತಿಳಿಯದೆ ಮನವಿ ಬರೆದರೆ ಅದು ಮೇಜಿನಿಂದ ಮೇಜಿಗೆ ಸುತ್ತುತ್ತಲೇ ಇರುತ್ತದೆ.

ಮೊದಲು, ಬಾಗಿಲು ಯಾರದ್ದು ಎಂದು ನೋಡಿ

ಬೆಂಗಳೂರಿನಲ್ಲಿ ‘ಸರ್ಕಾರಿ ಆಸ್ಪತ್ರೆ’ ಎಂಬ ಒಂದೇ ಹೆಸರಿನಡಿ ಕನಿಷ್ಠ ನಾಲ್ಕು ಯಜಮಾನರಿದ್ದಾರೆ. ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆ, ಜಯನಗರದ ಸಾರ್ವಜನಿಕ ಆಸ್ಪತ್ರೆಗಳಂಥವು ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಗೆ ಸೇರಿದವು. ಕೋಟೆ ಪ್ರದೇಶದಲ್ಲಿ ವಿಕ್ಟೋರಿಯಾ ಆವರಣದಲ್ಲಿರುವ ಸರ್ಕಾರಿ ದಂತ ಕಾಲೇಜು ವೈದ್ಯಕೀಯ ಶಿಕ್ಷಣ ಇಲಾಖೆಗೆ ಸೇರಿದ್ದು. ನಗರದೊಳಗೆ ಪಾಲಿಕೆ ನಡೆಸುವ ನಮ್ಮ ಕ್ಲಿನಿಕ್‌ಗಳು, ಹೆರಿಗೆ ಆಸ್ಪತ್ರೆಗಳು, ರೆಫರಲ್ ಆಸ್ಪತ್ರೆಗಳು ಮೂರನೆಯ ಗುಂಪು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ಬಂದಿವೆ. ಹಾಗಾಗಿ ನಿಮ್ಮ ವಾರ್ಡು ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮಗಳಲ್ಲಿ ಯಾವುದಕ್ಕೆ ಸೇರಿದೆ ಎಂದು ಮೊದಲೇ ನೋಡಿಕೊಳ್ಳಿ. ಹಳೆಯ ಪಾಲಿಕೆಯ ವಿಳಾಸಕ್ಕೆ ಬರೆದ ಪತ್ರ ಸುತ್ತಿ ಬರುವುದರಲ್ಲಿ ತಿಂಗಳು ಕಳೆಯುತ್ತದೆ.

ನಾಲ್ಕನೆಯದು ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಮಿಕರನ್ನು ಸಂಘಟಿಸುವವರು ಇದನ್ನು ಬಿಡಲೇಬಾರದು. ತಿಂಗಳ ವೇತನ 21,000 ರೂಪಾಯಿವರೆಗೆ ಇರುವವರು ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ, ಅವರ ಸಂಬಳದಿಂದ 0.75 ಶೇಕಡಾ ಈಗಾಗಲೇ ಕಡಿತವಾಗುತ್ತಿದೆ. ಇವರದು ದಯೆಯ ಬೇಡಿಕೆಯಲ್ಲ, ಕಟ್ಟಿದ ಹಣದ ಸೇವೆ. ಅದನ್ನು ಕೇಳಬೇಕಾದ ಕಡೆ ಆರೋಗ್ಯ ಇಲಾಖೆಯಲ್ಲ, ಇಎಸ್‌ಐ ವ್ಯವಸ್ಥೆ ಮತ್ತು ಕಾರ್ಮಿಕ ಇಲಾಖೆ.

ಎರಡನೆಯದು, ಎಣಿಕೆ

‘ಜನರಿಗೆ ತುಂಬಾ ತೊಂದರೆಯಾಗುತ್ತಿದೆ’ ಎಂಬ ವಾಕ್ಯಕ್ಕೆ ಯಾವ ಕಡತವೂ ಅಲುಗಾಡುವುದಿಲ್ಲ, ಸಂಖ್ಯೆ ಬೇಕು. ದೇಶದ ಸಂಖ್ಯೆಗಳು ಹಳೆಯವು. ಭಾರತೀಯ ದಂತ ವೈದ್ಯಕೀಯ ಪರಿಷತ್ತು ನಡೆಸಿದ ರಾಷ್ಟ್ರೀಯ ಸಮೀಕ್ಷೆ 2002-03ರದು. ಅದರಲ್ಲಿ 12 ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹುಳುಕು ಹಲ್ಲು ಕಂಡಿತ್ತು. ಅದನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸಿ. ನಿಮ್ಮ ಶಕ್ತಿ ನಿಮ್ಮ ಆಸ್ಪತ್ರೆಯ ಲೆಕ್ಕದಲ್ಲಿದೆ.

ಆ ಲೆಕ್ಕದಲ್ಲಿ ಎರಡೇ ಅಂಕಿ ಮುಖ್ಯ.

ಒಂದು, ಹಲ್ಲಿನ ಚಿಕಿತ್ಸೆಯ ಕುರ್ಚಿ ನಿಜವಾಗಿ ನಡೆದ ದಿನಗಳು. ತಿಂಗಳಿಗೆ 25 ಕೆಲಸದ ದಿನ ಎಂದಿಟ್ಟುಕೊಳ್ಳಿ. ದಂತ ವೈದ್ಯರನ್ನು 8 ದಿನ ಬೇರೆ ಕೆಲಸಕ್ಕೆ ನಿಯೋಜಿಸಿದ್ದರೆ, ಕುರ್ಚಿಯ ಉಪಕರಣಗಳಿಗೆ ಗಾಳಿ ಒತ್ತುವ ಕಂಪ್ರೆಸರ್ ಕೆಟ್ಟು 6 ದಿನ ನಿಂತಿದ್ದರೆ, ಉಳಿಯುವುದು 11. ಕಾಗದದಲ್ಲಿ ಮಾತ್ರ ‘ದಂತ ಸೇವೆ ಲಭ್ಯವಿದೆ’ ಎಂದೇ ಇರುತ್ತದೆ.

ಎರಡು, ಕಿತ್ತ ಹಲ್ಲಿಗೂ ತುಂಬಿದ ಹಲ್ಲಿಗೂ ಇರುವ ಅನುಪಾತ. ನಮ್ಮ ದೃಷ್ಟಿಯಲ್ಲಿ ಇದಕ್ಕಿಂತ ಚೆನ್ನಾಗಿ ಮಾತಾಡುವ ಅಂಕಿ ಇನ್ನೊಂದಿಲ್ಲ. ತಿಂಗಳಲ್ಲಿ 300 ಹಲ್ಲು ಕಿತ್ತು 20 ಹಲ್ಲು ತುಂಬಿಸಿದ್ದರೆ, ಅಲ್ಲಿರುವುದು ಚಿಕಿತ್ಸಾಲಯವಲ್ಲ, ಹಲ್ಲು ಕೀಳುವ ಕೊಠಡಿ. ಇದರಲ್ಲಿ ವೈದ್ಯರ ತಪ್ಪು ಹುಡುಕಬೇಡಿ. ಕೀಳಲು ಮರಗಟ್ಟಿಸುವ ಇಂಜೆಕ್ಷನ್ನು, ಇಕ್ಕಳ, ಬೆಳಕು ಇದ್ದರೆ ಸಾಕು. ತುಂಬಿಸಲು ಏರೋಟರ್, ಅಂದರೆ ಹಲ್ಲು ಕೊರೆಯುವ ಯಂತ್ರ, ತಿರುಗಬೇಕು, ಅದಕ್ಕೆ ಕಂಪ್ರೆಸರ್ ಗಾಳಿ ಬೇಕು, ಕುರ್ಚಿಗೆ ನೀರಿನ ಸಂಪರ್ಕ ಬೇಕು, ತುಂಬುವ ಸಿಮೆಂಟು ದಾಸ್ತಾನಿನಲ್ಲಿರಬೇಕು. ಸರಪಳಿಯ ಒಂದು ಕೊಂಡಿ ಕಳಚಿದರೂ ವೈದ್ಯರಿಗೆ ಉಳಿಯುವ ದಾರಿ ಇಕ್ಕಳವೊಂದೇ.

ಈ ಅಂಕಿಗಳನ್ನು ಪಡೆಯಲು ಮಾಹಿತಿ ಹಕ್ಕು ಅರ್ಜಿ ಹಾಕಿ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ. ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಇದು ನಮ್ಮ ರಾಜ್ಯದ ನಿಯಮ. ಬೇರೆ ರಾಜ್ಯದ ಮಾದರಿ ಅರ್ಜಿ ನಕಲು ಮಾಡಿದವರದು ಈ ಕಾರಣಕ್ಕೇ ವಾಪಸು ಬರುತ್ತದೆ. ಹೀಗೆ ಬರೆಯಬಹುದು:

‘ನಿಮ್ಮ ಆಸ್ಪತ್ರೆಯ ದಂತ ವಿಭಾಗಕ್ಕೆ ಸಂಬಂಧಿಸಿ, ಕಳೆದ ಆರ್ಥಿಕ ವರ್ಷದ ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ಕೆಳಕಂಡ ದಾಖಲೆಗಳ ದೃಢೀಕೃತ ಪ್ರತಿ ಒದಗಿಸಿ: (1) ಹೊರರೋಗಿಗಳ ಸಂಖ್ಯೆ, ಕಿತ್ತ ಹಲ್ಲು, ತುಂಬಿದ ಹಲ್ಲು, ಬೇರುನಾಳ ಚಿಕಿತ್ಸೆಗಳ ಸಂಖ್ಯೆ ಇರುವ ಮಾಸಿಕ ವರದಿಗಳು, (2) ದಂತ ಕುರ್ಚಿ ಮತ್ತು ಕಂಪ್ರೆಸರ್ ದುರಸ್ತಿ ದಾಖಲೆ ಹಾಗೂ ನಿರ್ವಹಣಾ ಒಪ್ಪಂದ, (3) ದಂತ ಆರೋಗ್ಯಾಧಿಕಾರಿಯವರನ್ನು ಅನ್ಯ ಕರ್ತವ್ಯಕ್ಕೆ ನಿಯೋಜಿಸಿದ ಆದೇಶಗಳು, (4) ಮಂಜೂರಾದ, ಭರ್ತಿಯಾದ, ಖಾಲಿ ಇರುವ ದಂತ ವಿಭಾಗದ ಹುದ್ದೆಗಳ ವಿವರ.’

‘ದಂತ ಆರೋಗ್ಯಾಧಿಕಾರಿ’ ಎಂದು ಪೂರ್ತಿ ಬರೆಯಿರಿ. ‘ಡಿಎಚ್‌ಒ’ ಎಂದರೆ ಜಿಲ್ಲಾ ಆರೋಗ್ಯಾಧಿಕಾರಿ ಎಂದು ಓದಿಕೊಂಡು ಬೇರೆಯೇ ಉತ್ತರ ಕಳಿಸುತ್ತಾರೆ. ‘ಏಕೆ ನಿಯೋಜಿಸಿದಿರಿ’ ಎಂದು ಕೇಳಬೇಡಿ; ಕಾರಣ ವಿವರಿಸುವ ಹೊಣೆ ಮಾಹಿತಿ ಅಧಿಕಾರಿಗಿಲ್ಲ, ದಾಖಲೆ ಕೊಡುವ ಹೊಣೆ ಇದೆ. ಹಾಜರಾತಿ ಪುಸ್ತಕ ಕೇಳಿದರೆ ವೈಯಕ್ತಿಕ ಮಾಹಿತಿ ಎಂದು ನಿರಾಕರಿಸಬಹುದು, ನಿಯೋಜನೆ ಆದೇಶ ಕೇಳಿದರೆ ಅಷ್ಟು ಸುಲಭವಲ್ಲ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ಆಯೋಗದ ದಾರಿ ಉದ್ದವಾದದ್ದು. ಮೊದಲ ಮೇಲ್ಮನವಿಯನ್ನೇ ಶ್ರದ್ಧೆಯಿಂದ ಬರೆದರೆ ಹಲವು ಸಲ ಅಲ್ಲೇ ಕೆಲಸ ಆಗುತ್ತದೆ.

ಮಕ್ಕಳ ಬಗ್ಗೆ ಅಂಕಿ ಬೇಕಾದರೆ ಹೊಸ ಶಿಬಿರ ಮಾಡುವ ಮೊದಲು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ವರದಿ ಕೇಳಿ. 2013ರಲ್ಲಿ ಶುರುವಾದ ಈ ಕಾರ್ಯಕ್ರಮದ ಪಟ್ಟಿಯಲ್ಲಿ ಹಲ್ಲಿನ ತೊಂದರೆಯೂ ಇದೆ. ತಂಡಗಳು ಸರ್ಕಾರಿ ಶಾಲೆಗೆ ವರ್ಷಕ್ಕೊಮ್ಮೆ, ಅಂಗನವಾಡಿಗೆ ಎರಡು ಸಲ ಹೋಗಬೇಕು. ಎಷ್ಟು ಮಕ್ಕಳಿಗೆ ಹುಳುಕು ಕಂಡಿತು, ಎಷ್ಟು ಮಂದಿಯನ್ನು ಮುಂದಕ್ಕೆ ಕಳಿಸಿದರು, ಎಷ್ಟು ಮಂದಿಗೆ ಚಿಕಿತ್ಸೆ ಮುಗಿಯಿತು ಎಂಬ ಮೂರು ಅಂಕಿ ಪಕ್ಕಪಕ್ಕ ಇಟ್ಟರೆ, ಮಕ್ಕಳು ಎಲ್ಲಿ ಕೈಜಾರಿದರು ಎಂಬುದು ತಾನಾಗಿ ಕಾಣುತ್ತದೆ.

ಮೂರನೆಯದು, ಯಾವ ಬೀಗ?

ವೈದ್ಯರ ನಿಯೋಜನೆ ರದ್ದು, ವಾರದಲ್ಲಿ ಎರಡು ದಿನ ನಮ್ಮ ಕ್ಲಿನಿಕ್‌ನಲ್ಲಿ ದಂತ ತಪಾಸಣೆ, ಸಂಜೆ ಹೊರರೋಗಿ ವಿಭಾಗ, ದಂತ ಕಾಲೇಜಿನ ಸಂಚಾರಿ ವಾಹನ ವಾರ್ಡಿಗೆ ಬರುವುದು ಇವೆಲ್ಲ ಆದೇಶದ ಕೆಲಸ. ಒಂದು ಸುತ್ತೋಲೆಯಿಂದ ಆಗುತ್ತದೆ. ಪ್ರಾಥಮಿಕ ಆರೋಗ್ಯ ಸೇವೆಯ ಕೇಂದ್ರಗಳಾದ ಆಯುಷ್ಮಾನ್ ಆರೋಗ್ಯ ಮಂದಿರಗಳ 12 ಸೇವೆಗಳ ಪಟ್ಟಿಯಲ್ಲಿ ಬಾಯಿಯ ಆರೋಗ್ಯದ ಪ್ರಾಥಮಿಕ ಆರೈಕೆ ಈಗಾಗಲೇ ಇದೆ. ನೀವು ಕೇಳುತ್ತಿರುವುದು ಹೊಸ ಸೌಲಭ್ಯವಲ್ಲ, ಒಪ್ಪಿಕೊಂಡದ್ದರ ಜಾರಿ. ಮನವಿಯಲ್ಲಿ ಇದೇ ಮಾತು ಬರಲಿ.

ಹೊಸ ಕುರ್ಚಿ, ಹೊಸ ಹುದ್ದೆ, ವಾರ್ಷಿಕ ಸಾಮಗ್ರಿ ಹಣದ ಕೆಲಸ. ರಾಜ್ಯ ಬಜೆಟ್‌ನಲ್ಲಿ ಆರೋಗ್ಯಕ್ಕೆ ಬೇಡಿಕೆ ಸಂಖ್ಯೆ 22, ವೆಚ್ಚದ ಮುಖ್ಯ ಲೆಕ್ಕಶೀರ್ಷಿಕೆ 2210. ಇನ್ನೊಂದು ದಾರಿ ರಾಷ್ಟ್ರೀಯ ಆರೋಗ್ಯ ಅಭಿಯಾನ. ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮದಡಿ ದಂತ ಕುರ್ಚಿ, ಸಿಬ್ಬಂದಿ, ಸಾಮಗ್ರಿಗೆ ರಾಜ್ಯವು ತನ್ನ ಯೋಜನಾ ಪ್ರಸ್ತಾವದಲ್ಲಿ ಹಣ ಕೇಳಬಹುದು, ವೆಚ್ಚದ ಪಾಲು ಕೇಂದ್ರಕ್ಕೆ 60, ರಾಜ್ಯಕ್ಕೆ 40. ಕೇಳದಿದ್ದರೆ ಬರುವುದಿಲ್ಲ. ಮಾಗಡಿ ರಸ್ತೆಯ ಆರೋಗ್ಯ ಸೌಧದಲ್ಲಿ ‘ಈ ಸಲದ ಪ್ರಸ್ತಾವದಲ್ಲಿ ಬಾಯಿ ಆರೋಗ್ಯಕ್ಕೆ ಎಷ್ಟು ಕೇಳಿದ್ದೀರಿ, ಕಳೆದ ಸಲ ಮಂಜೂರಾದದ್ದರಲ್ಲಿ ಎಷ್ಟು ಖರ್ಚಾಯಿತು’ ಎಂದು ಕೇಳುವುದು ಒಳ್ಳೆಯ ಪ್ರಶ್ನೆ. ಮಂಜೂರಾಗಿಯೂ ಖರ್ಚಾಗದ ಹಣವಿದ್ದರೆ ನಿಮ್ಮ ಹೋರಾಟದ ಸ್ವರೂಪವೇ ಬದಲಾಗುತ್ತದೆ.

ವಿಮೆಯ ಮೇಲೆ ಹೆಚ್ಚು ಭರವಸೆ ಇಡಬೇಡಿ. ಆಯುಷ್ಮಾನ್ ಭಾರತ್ ಯೋಜನೆ ಒಳರೋಗಿ ಚಿಕಿತ್ಸೆಗೆ ಕಟ್ಟಿದ್ದು. ಹುಳುಕು ತುಂಬಿಸುವುದು, ರೂಟ್ ಕೆನಾಲ್ ಅದರ ಹೊರಗಿನವು. ಅಪಘಾತದಲ್ಲಿ ದವಡೆ ಮುರಿದು ದಾಖಲಾಗುವುದು, ಬಾಯಿ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಬೇರೆ ಮಾತು.

ಕಾಯ್ದೆ ಬೇಕಾಗುವುದು ಹಕ್ಕು, ನಿಷೇಧ, ದಂಡ, ಪರವಾನಗಿ ಇವುಗಳ ವಿಷಯಕ್ಕೆ. ಇಲ್ಲಿ ಸಂವಿಧಾನದ ಏಳನೆಯ ಅನುಸೂಚಿ ನೋಡಲೇಬೇಕು. ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆ ರಾಜ್ಯ ಪಟ್ಟಿಯಲ್ಲಿವೆ. ವೈದ್ಯ ವೃತ್ತಿ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿದೆ, ಅಲ್ಲಿ ಕೇಂದ್ರದ ಕಾನೂನು ಈಗಾಗಲೇ ಇದೆ: 1948ರ ದಂತ ವೈದ್ಯರ ಕಾಯ್ದೆ, ಅದರ ಜಾಗಕ್ಕೆಂದು 2023ರಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ದಂತ ಆಯೋಗ ಕಾಯ್ದೆ. ಅಮೆರಿಕದ ಮಿನ್ನೆಸೋಟ ರಾಜ್ಯ 2009ರಲ್ಲಿ ‘ಡೆಂಟಲ್ ಥೆರಪಿಸ್ಟ್’ ಎಂಬ ಹೊಸ ವೃತ್ತಿವರ್ಗವನ್ನು ತನ್ನದೇ ಶಾಸನದಿಂದ ತಂದಿತು, ಸಣ್ಣ ಹುಳುಕು ತುಂಬುವ ಕೆಲಸ ಅವರಿಗೂ ಬಂತು. ಅದನ್ನು ತೋರಿಸಿ ‘ನಮ್ಮಲ್ಲೂ ಮಾಡಿ’ ಎಂದು ಶಾಸಕರನ್ನು ಕೇಳುವವರಿದ್ದಾರೆ. ನಮ್ಮಲ್ಲಿ ಅಂಥ ರಾಜ್ಯ ಕಾಯ್ದೆ ಕೇಂದ್ರ ಕಾನೂನಿಗೆ ಡಿಕ್ಕಿ ಹೊಡೆದರೆ 254ನೇ ವಿಧಿಯಂತೆ ರಾಷ್ಟ್ರಪತಿಯವರ ಅಂಕಿತ ಬೇಕು. ಅದಕ್ಕಿಂತ ಹತ್ತಿರದ ದಾರಿ, ಕೇಂದ್ರ ಕಾಯ್ದೆಯೇ ಗುರುತಿಸಿರುವ ಡೆಂಟಲ್ ಹೈಜೀನಿಸ್ಟ್ (ಹಲ್ಲು ಶುಚಿ ಮಾಡುವ ಸಿಬ್ಬಂದಿ) ಹುದ್ದೆಗಳನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ಸೃಷ್ಟಿಸಿ ಎಂದು ಕೇಳುವುದು.

ನಾಲ್ಕನೆಯದು, ಬೇಡಿಕೆಯನ್ನು ಸಾಮಗ್ರಿಯ ಮಟ್ಟಕ್ಕೆ ಇಳಿಸಿ

‘ದಂತ ಘಟಕ ಸ್ಥಾಪಿಸಿ’ ಎಂದು ಕೇಳಿದರೆ ಕುರ್ಚಿ ಬರುತ್ತದೆ, ಉದ್ಘಾಟನೆಯಾಗುತ್ತದೆ, ಪ್ಲಾಸ್ಟಿಕ್ ಹೊದಿಕೆ ತೆಗೆಯದೆ ಮೂಲೆಯಲ್ಲಿ ಕೂರುತ್ತದೆ. ಆದ್ದರಿಂದ ಕುರ್ಚಿಯ ಜೊತೆ ಕಂಪ್ರೆಸರ್, ವೋಲ್ಟೇಜ್ ಸ್ಟೆಬಿಲೈಸರ್, ನೀರು ಮತ್ತು ಚರಂಡಿ ಸಂಪರ್ಕ, ವಾರ್ಷಿಕ ನಿರ್ವಹಣಾ ಒಪ್ಪಂದ, ಎರಡು ಹೆಚ್ಚುವರಿ ಏರೋಟರ್, ಎಕ್ಸ್-ರೇ, ಉಪಕರಣಗಳನ್ನು ಹಬೆಯಲ್ಲಿ ಕ್ರಿಮಿಮುಕ್ತ ಮಾಡುವ ಆಟೋಕ್ಲೇವ್ ಎಂದು ಹೆಸರು ಹಿಡಿದು ಬರೆಯಿರಿ. ಉಪಕರಣದ ಸೆಟ್ಟುಗಳ ಸಂಖ್ಯೆಯನ್ನೂ ಬರೆಯಿರಿ. 121 ಡಿಗ್ರಿಯಲ್ಲಿ 15 ನಿಮಿಷ ಎಂದರೂ ಬಿಸಿಯೇರುವುದು, ಒಣಗುವುದು ಸೇರಿ ಆಟೋಕ್ಲೇವ್‌ನ ಒಂದು ಸುತ್ತಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಸೆಟ್ಟುಗಳು ಐದೇ ಇದ್ದರೆ ಐದು ರೋಗಿಗಳಾದ ಮೇಲೆ ಕೆಲಸ ನಿಲ್ಲುತ್ತದೆ, ಇಲ್ಲವೇ ಯಾರೋ ಸುತ್ತನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. ಎರಡನೆಯದು ಅಪಾಯ. ದಿನಕ್ಕೆ 30 ರೋಗಿಗಳು ಬರುವಲ್ಲಿ ಕನಿಷ್ಠ 12 ಸೆಟ್ ಕೇಳಿ.

ಕರೆಂಟೇ ಬೇಡದ ಚಿಕಿತ್ಸೆಯೂ ಇದೆ ಎಂಬುದನ್ನು ಅಧಿಕಾರಿಗಳಿಗೆ ನೆನಪಿಸಬೇಕು. ಕೈ ಉಪಕರಣದಿಂದ ಹುಳುಕು ಕೆರೆದು ಗ್ಲಾಸ್ ಅಯೊನೋಮರ್ ಸಿಮೆಂಟ್ ತುಂಬುವ ವಿಧಾನ ಶಾಲೆಯ ಬೆಂಚಿನ ಮೇಲೂ ನಡೆಯುತ್ತದೆ. 38 ಶೇಕಡಾ ಸಿಲ್ವರ್ ಡೈಅಮೈನ್ ಫ್ಲೋರೈಡ್ ದ್ರಾವಣದ ಒಂದು ಹನಿ ಬಹಳಷ್ಟು ಹುಳುಕುಗಳನ್ನು ಅಲ್ಲಿಗೇ ತಡೆಯುತ್ತದೆ. ಇವೆರಡನ್ನೂ ಫ್ಲೋರೈಡ್ ಪೇಸ್ಟ್ ಜೊತೆಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ರಾಜ್ಯದ ಖರೀದಿ ಪಟ್ಟಿಯಲ್ಲಿ ಇವು ಇವೆಯೇ ಎಂದು ವೈದ್ಯಕೀಯ ಸರಬರಾಜು ನಿಗಮದಲ್ಲಿ ಕೇಳಿ, ಇಲ್ಲದಿದ್ದರೆ ಸೇರಿಸಿ ಎಂಬುದೇ ಒಂದು ಪೂರ್ಣ ಬೇಡಿಕೆ. ಒಂದು ಎಚ್ಚರಿಕೆ: ಈ ದ್ರಾವಣ ತಾಗಿದ ಹುಳುಕು ಕಪ್ಪಾಗುತ್ತದೆ, ಕಪ್ಪು ಹೋಗುವುದಿಲ್ಲ. ಪೋಷಕರಿಗೆ ಮೊದಲೇ ಫೋಟೋ ತೋರಿಸಿ ಒಪ್ಪಿಗೆ ಪಡೆಯದೆ ಮಕ್ಕಳ ಮುಂದಿನ ಹಲ್ಲಿಗೆ ಹಚ್ಚಿದರೆ ಮರುದಿನ ಶಾಲೆಯ ಮುಂದೆ ಗಲಾಟೆಯಾಗುತ್ತದೆ, ಒಳ್ಳೆಯ ಕಾರ್ಯಕ್ರಮವೊಂದು ನಿಲ್ಲುತ್ತದೆ. ಒಪ್ಪಿಗೆ ಪತ್ರದ ಕನ್ನಡ ನಮೂನೆಯನ್ನೂ ಮನವಿಗೆ ಲಗತ್ತಿಸಿ.

ಹಲ್ಲು ಸೆಟ್ ವಿಷಯದಲ್ಲಿ ತೊಡಕು ಬೇರೆ. ಅಳತೆ, ಕಚ್ಚುವ ಮಟ್ಟ, ಪರೀಕ್ಷೆ, ಜೋಡಣೆ ಎಂದು ನಾಲ್ಕೈದು ಭೇಟಿ ಬೇಕೇ ಬೇಕು. ಆನೇಕಲ್ಲಿನಿಂದ ಬರುವ 70 ವರ್ಷದ ಅಜ್ಜನಿಗೆ ಅದು ಐದು ದಿನದ ಪ್ರಯಾಣ, ಜೊತೆಗೊಬ್ಬರು. ಅಜ್ಜಿಗಾದರೆ ಶಕ್ತಿ ಯೋಜನೆಯ ಉಚಿತ ಬಸ್ಸಿದೆ. ಅಳತೆ ತೆಗೆಯುವ ಮೊದಲ ಎರಡು ಹಂತಗಳನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಮಾಡಿಸಿ ಎಂದು ಕೇಳಿ.

ಐದನೆಯದು, ಮನವಿ ಮತ್ತು ಕಡತ

ಮನವಿ ಒಂದೇ ಪುಟ, ಕನ್ನಡದಲ್ಲಿ. ವಿಷಯದ ಸಾಲಿನಲ್ಲೇ ಆಸ್ಪತ್ರೆಯ ಹೆಸರು, ಬೇಡಿಕೆ. ನಂತರ ಎರಡು ಅಂಕಿ, ಮೂರು ಬೇಡಿಕೆ. ಅಂಕಿಗಳ ಮೂಲ ದಾಖಲೆ ಲಗತ್ತು. ಹತ್ತು ಬೇಡಿಕೆ ಇಟ್ಟರೆ ಸುಲಭವಾದ ಒಂದಕ್ಕೆ ಉತ್ತರ ಕೊಟ್ಟು ಕಡತ ಮುಗಿಸುತ್ತಾರೆ.

ಸಚಿವರ ಕೈಗೆ ಕೊಟ್ಟು ಫೋಟೋ ತೆಗೆಸಿಕೊಂಡರೆ ಕೆಲಸ ಶುರುವಾದಂತಲ್ಲ. ಟಪಾಲು ವಿಭಾಗದಲ್ಲಿ ಇನ್ನೊಂದು ಪ್ರತಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ವಾರ ಕಳೆದ ಮೇಲೆ ಕಡತ ಸಂಖ್ಯೆ ಪಡೆಯಿರಿ, ವಿಷಯ ನಿರ್ವಾಹಕರು ಯಾರು ಎಂದು ಕೇಳಿ. ಮುಂದಿನ ಎಲ್ಲ ಪತ್ರಗಳಿಗೂ ಆ ಸಂಖ್ಯೆಯೇ ದಾರಿ. ‘ಪರಿಶೀಲಿಸಿ ನಿಯಮಾನುಸಾರ ಕ್ರಮ ಕೈಗೊಳ್ಳಿ’ ಎಂಬ ಷರಾ ಬಂದರೆ ಅದು ಮಂಜೂರಾತಿ ಅಲ್ಲ, ಕಡತ ಕೆಳಗಿಳಿಯಿತು ಎಂದಷ್ಟೇ ಅರ್ಥ. ಲಿಖಿತ ಹಿಂಬರಹ ಕೇಳಿ. ಸಣ್ಣ ದೂರುಗಳಿಗೆ, ಅಂದರೆ ವೈದ್ಯರಿಲ್ಲ, ಕುರ್ಚಿ ಕೆಟ್ಟಿದೆ ಎಂಬಂಥವಕ್ಕೆ, 1902 ಸಹಾಯವಾಣಿಯಲ್ಲಿ ದೂರು ದಾಖಲಿಸಿ ಸಂಖ್ಯೆ ಇಟ್ಟುಕೊಳ್ಳಿ.

ಆರನೆಯದು, ಸದನ

224 ಶಾಸಕರ ವಿಧಾನಸಭೆ, 75 ಸದಸ್ಯರ ವಿಧಾನ ಪರಿಷತ್ತು. ನಿಮ್ಮ ಶಾಸಕರಷ್ಟೇ ಅಲ್ಲ, ಬೆಂಗಳೂರು ಪದವೀಧರರ ಮತ್ತು ಶಿಕ್ಷಕರ ಕ್ಷೇತ್ರದ ಪರಿಷತ್ ಸದಸ್ಯರನ್ನೂ ನೋಡಿ. ಶಾಲಾ ಮಕ್ಕಳ ಹಲ್ಲಿನ ವಿಷಯಕ್ಕೆ ಶಿಕ್ಷಕರ ಕ್ಷೇತ್ರದವರ ಧ್ವನಿ ಹೊಂದುತ್ತದೆ.

ಖಾಸಗಿ ಸದಸ್ಯರ ಮಸೂದೆಯ ಹಿಂದೆ ಬೀಳುವ ಮೊದಲು ಇದು ತಿಳಿದಿರಲಿ: ಬೊಕ್ಕಸದಿಂದ ಖರ್ಚು ಬೇಡುವ ಮಸೂದೆಯನ್ನು 207ನೇ ವಿಧಿಯಂತೆ ರಾಜ್ಯಪಾಲರ ಶಿಫಾರಸಿಲ್ಲದೆ ಸದನ ಅಂಗೀಕರಿಸುವಂತಿಲ್ಲ, ಆ ಶಿಫಾರಸು ಬರುವುದು ಸಂಪುಟದ ಸಲಹೆಯ ಮೇಲೆ. ಶಾಸಕರು ಸದನದಲ್ಲಿ ಕೇಳುವ ಪ್ರಶ್ನೆಗೆ ಆ ತೊಡಕಿಲ್ಲ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲೇ ಉತ್ತರಿಸಬೇಕು, ಉಪಪ್ರಶ್ನೆಗೂ ಅವಕಾಶವಿದೆ; ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ. ಅಧಿವೇಶನದ ದಿನಾಂಕ ಪ್ರಕಟವಾದ ವಾರದಲ್ಲೇ, ಅ, ಆ, ಇ ಎಂದು ಬಿಡಿಸಿದ ಪ್ರಶ್ನೆಯನ್ನು ಶಾಸಕರ ಆಪ್ತ ಸಹಾಯಕರ ಕೈಗೆ ಟೈಪ್ ಮಾಡಿಯೇ ಕೊಡಿ. ‘ರಾಜ್ಯದಲ್ಲಿ ಮಂಜೂರಾದ ದಂತ ಆರೋಗ್ಯಾಧಿಕಾರಿ ಹುದ್ದೆಗಳೆಷ್ಟು, ಖಾಲಿ ಎಷ್ಟು, ಕಾರ್ಯನಿರ್ವಹಿಸದ ದಂತ ಕುರ್ಚಿಗಳೆಷ್ಟು, ತಾಲ್ಲೂಕುವಾರು, ಯಾವ ಕಾಲಮಿತಿಯಲ್ಲಿ ಸರಿಪಡಿಸಲಾಗುವುದು?’ ಉತ್ತರದಲ್ಲಿ ಕಾಲಮಿತಿ ಹೇಳಿದರೆ ಅದು ಸದನಕ್ಕೆ ಕೊಟ್ಟ ಭರವಸೆ. ಅದನ್ನು ಬೆನ್ನು ಹತ್ತಲು ಸದನದ ಭರವಸೆಗಳ ಸಮಿತಿ ಇದೆ. ಸಂಘಟನೆಗಳು ನೇರವಾಗಿ ಬರೆಯಲು ಅರ್ಜಿಗಳ ಸಮಿತಿಯೂ ಇದೆ.

ಕಾಲದ ಲೆಕ್ಕ ಮುಖ್ಯ. ಮಾರ್ಚ್‌ನಲ್ಲಿ ಬಜೆಟ್ ಓದಿ ಏಪ್ರಿಲ್‌ನಲ್ಲಿ ಪ್ರತಿಭಟಿಸಿದರೆ ಒಂದು ವರ್ಷ ಹೋಯಿತು. ಇಲಾಖೆಗಳು ಬೇಡಿಕೆ ಕಟ್ಟುವುದು ಚಳಿಗಾಲದಲ್ಲಿ, ಬಜೆಟ್ ಪೂರ್ವ ಸಭೆಗಳು ಜನವರಿ, ಫೆಬ್ರವರಿಯಲ್ಲಿ. ಹಾಗಾದರೆ ಮಾಹಿತಿ ಹಕ್ಕು ಅರ್ಜಿ ಜುಲೈನಲ್ಲಿ, ಅಂಕಿ ಸೆಪ್ಟೆಂಬರ್‌ನಲ್ಲಿ, ಮನವಿ ಅಕ್ಟೋಬರ್‌ನಲ್ಲಿ, ಬೆಳಗಾವಿಯ ಚಳಿಗಾಲದ ಅಧಿವೇಶನದಲ್ಲಿ ಪ್ರಶ್ನೆ. ಧರಣಿ ಬೇಕೇ ಬೇಕಾದರೆ ಬೆಂಗಳೂರಿನಲ್ಲಿ ಜಾಗ ಫ್ರೀಡಂ ಪಾರ್ಕ್ ಮಾತ್ರ, ಪೊಲೀಸರ ಅನುಮತಿ ಮೊದಲೇ ಪಡೆದಿರಬೇಕು.

ಕಾಯ್ದೆಯೇ ಮೇಜಿಗೆ ಬಂದಾಗ

ಎರಡು ಉದಾಹರಣೆಗಳನ್ನು ಓದಿಕೊಂಡಿರಿ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂದಾಗ ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಸಮಿತಿಯ ವರದಿ, ಜಂಟಿ ಪರಿಶೀಲನಾ ಸಮಿತಿ, ನವೆಂಬರ್‌ನಲ್ಲಿ ಖಾಸಗಿ ವೈದ್ಯರ ಮುಷ್ಕರ ಎಲ್ಲವೂ ಆದವು. ಕೊನೆಗೆ ಮಸೂದೆ ಮೆದುವಾಗಿ ಅಂಗೀಕಾರವಾಯಿತು. ಮಸೂದೆಯ ಪದಗಳು ಬದಲಾಗುವುದು ಸಮಿತಿ ಹಂತದಲ್ಲಿ, ಅಲ್ಲಿ ರೋಗಿಗಳ ಪರವಾಗಿ ಬರೆದುಕೊಟ್ಟ ತಿದ್ದುಪಡಿ ಇರಬೇಕು: ‘ಈ ಉಪಬಂಧದಲ್ಲಿ ಈ ಪದಗಳ ಬದಲು ಈ ಪದಗಳು’ ಎಂಬ ರೂಪದಲ್ಲಿ. ಉಳಿದ ಕಾಯ್ದೆಯೂ ಉಪಯೋಗಕ್ಕಿದೆ. ಖಾಸಗಿ ದಂತ ಕ್ಲಿನಿಕ್‌ಗಳೂ ಅದರಡಿ ನೋಂದಣಿಯಾಗಬೇಕು, ದರ ಪ್ರದರ್ಶಿಸಬೇಕು. ದೂರು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ.

ಇನ್ನೊಂದು ತಂಬಾಕಿನದು. ಬಾಯಿ ಕ್ಯಾನ್ಸರಿನ ಮಾತು ತಂಬಾಕಿಲ್ಲದೆ ಮುಗಿಯುವುದಿಲ್ಲ. ರಾಜ್ಯ 2013ರಲ್ಲಿ ಗುಟ್ಕಾ ನಿಷೇಧಿಸಿತು. ತಂಬಾಕು ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿದ ತಿದ್ದುಪಡಿ 2024ರ ಫೆಬ್ರವರಿಯಲ್ಲಿ ಸದನದಲ್ಲಿ ಅಂಗೀಕಾರವಾದರೂ, ತಿದ್ದಿದ್ದು ಕೇಂದ್ರ ಕಾಯ್ದೆಯನ್ನಾದ್ದರಿಂದ ರಾಷ್ಟ್ರಪತಿಯವರ ಅಂಕಿತ ಪಡೆದು ಜಾರಿಯಾಗುವಾಗ 2025 ಬಂದಿತ್ತು. ಸಮವರ್ತಿ ಪಟ್ಟಿಯ ವಿಷಯಕ್ಕೆ ಕೈಹಾಕುವವರು ಇಷ್ಟು ಸಮಯ ಲೆಕ್ಕದಲ್ಲಿಟ್ಟುಕೊಳ್ಳಬೇಕು.

ಆದೇಶ ಕೈಗೆ ಬಂದ ಮೇಲೆ

ಆದೇಶದ ಸಂಖ್ಯೆ, ದಿನಾಂಕ ಬರೆದುಕೊಂಡು ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗೆ ಪ್ರತಿ ತಲುಪಿದೆಯೇ ಎಂದು ವಾರದೊಳಗೆ ನೋಡಿ. ಸೌಧದಲ್ಲಿ ಹೊರಟ ಆದೇಶ ಆಸ್ಪತ್ರೆಗೆ ಮುಟ್ಟದಿರುವುದು ಅಪರೂಪವೇನಲ್ಲ. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಅದನ್ನು ನಡಾವಳಿಗೆ ಸೇರಿಸಿ, ಸಣ್ಣ ದುರಸ್ತಿಗೆ ಸಮಿತಿಯ ಹಣ ಬಳಸಲು ಅಲ್ಲೇ ತೀರ್ಮಾನ ಮಾಡಿಸಿ. 90 ದಿನಕ್ಕೆ ಮೊದಲಿನ ನಮೂನೆಯಲ್ಲೇ ಮತ್ತೆ ಎಣಿಸಿ: ನಡೆದ ದಿನಗಳೆಷ್ಟು, ಕಿತ್ತದ್ದೆಷ್ಟು, ತುಂಬಿಸಿದ್ದೆಷ್ಟು. ಕ್ಲಿನಿಕ್‌ನ ಬಾಗಿಲಲ್ಲಿ ದಂತ ವೈದ್ಯರು ಬರುವ ವಾರ, ಸಮಯ, ‘ಹಲ್ಲು ತುಂಬಿಸುವುದು ಇಲ್ಲಿ ಉಚಿತ’ ಎಂಬ ಫಲಕವನ್ನು ಕನ್ನಡದಲ್ಲಿ ದೊಡ್ಡದಾಗಿ ಹಾಕಿಸಿ, ಆ ಓಣಿಯಲ್ಲಿ ತಮಿಳು, ಉರ್ದು ಓದುವವರಿದ್ದರೆ ಆ ಭಾಷೆಗಳಲ್ಲೂ. ಆಶಾ ಕಾರ್ಯಕರ್ತೆಯರಿಗೆ ಅದರ ಫೋಟೋ ಕಳಿಸಿ. ಮೊದಲ ತಿಂಗಳು ಜನ ಬಾರದಿದ್ದರೆ ‘ಬೇಡಿಕೆ ಇಲ್ಲ’ ಎಂದು ವೈದ್ಯರನ್ನು ಬೇರೆಡೆಗೆ ಕಳಿಸಿಬಿಡುತ್ತಾರೆ.